ಲಾಗ್ ಲೆಕ್ಕ: ಮಗಳು ಎಲ್ಲಿ ತಪ್ಪುತ್ತಿದ್ದಾಳೆ?

ಡೊಂಬಿವಲಿಯ ತಂದೆ:
ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಘಾತಾಂಕದ ಲೆಕ್ಕಗಳೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ; ಲಾಗ್ ಬಂದರೆ ಕೈ ನಿಲ್ಲುತ್ತದೆ. ನಿನ್ನೆಯ ಲೆಕ್ಕ ಇದು, ಆಧಾರ 10:

ಲಾಗ್(ಎಕ್ಸ್ + 3) + ಲಾಗ್ ಎಕ್ಸ್ = 1

ಮೊದಲ ಪದವನ್ನು ಲಾಗ್ ಎಕ್ಸ್ + ಲಾಗ್ 3 ಎಂದು ಬಿಡಿಸಿದಳು. ಉತ್ತರ ಸುಮಾರು 1.83 ಬಂತು, ಪುಸ್ತಕದಲ್ಲಿರುವುದು 2. ತಪ್ಪೆಂದು ಗೊತ್ತು, ಏಕೆಂದು ವಿವರಿಸಲು ನನಗೆ ಬರುತ್ತಿಲ್ಲ. ನಾನು ಲಾಗ್ ಕೋಷ್ಟಕ ನೋಡಿ ಗುಣಾಕಾರ ಮಾಡುವಷ್ಟೇ ಕಲಿತವನು.

ಮಾಟುಂಗದ ನಿವೃತ್ತ ಶಿಕ್ಷಕಿ:
ಅಷ್ಟು ಗೊತ್ತಿದ್ದರೆ ಸಾಕು, ಆ ಕೋಷ್ಟಕವನ್ನೇ ಅವಳ ಕೈಗೆ ಕೊಡಿ. ಲಾಗ್ 2 ಎಂದರೆ 0.3010, ಲಾಗ್ 3 ಎಂದರೆ 0.4771. ಕೂಡಿದರೆ 0.7781. ಇದು ಯಾವ ಸಂಖ್ಯೆಯ ಲಾಗ್ ಎಂದು ಅವಳೇ ಹುಡುಕಲಿ. 5 ಸಿಗುವುದಿಲ್ಲ, 6 ಸಿಗುತ್ತದೆ! ಲಾಗ್ 5 ಬರೀ 0.6990.

100 × 1000 ಎಂದರೆ ಸೊನ್ನೆಗಳನ್ನು ಕೂಡುತ್ತೇವಲ್ಲ, 2 + 3 = 5. ಲಾಗ್ ಎಂದರೆ ಆ ಘಾತಾಂಕವೇ. ಘಾತಾಂಕಗಳನ್ನು ಕೂಡಿದಾಗ ಸಂಖ್ಯೆಗಳು ಗುಣಿಸಲ್ಪಡುತ್ತವೆ. ಗಣಿತಜ್ಞ ನೇಪಿಯರ್ 1614ರಲ್ಲಿ ಲಾಗ್ ಕೋಷ್ಟಕ ಪ್ರಕಟಿಸಿದ್ದೇ ಗುಣಾಕಾರದ ಶ್ರಮವನ್ನು ಕೂಡುವಿಕೆಗೆ ಇಳಿಸಲು. ಲಾಗ್(ಎಕ್ಸ್ + 3) ಒಳಗೆ ಇರುವುದು ಸಂಕಲನ. ಅದನ್ನು ಒಡೆಯಲು ಯಾವ ನಿಯಮವೂ ಇಲ್ಲ. ಎರಡು ಲಾಗ್‌ಗಳನ್ನು ಸೇರಿಸಲಿ. 1 ಎಂದರೆ ಲಾಗ್ 10, ಆದ್ದರಿಂದ ಎಕ್ಸ್(ಎಕ್ಸ್ + 3) = 10.

ಡೊಂಬಿವಲಿಯ ತಂದೆ:
ಮೇಡಂ, 6 ಕಂಡೊಡನೆ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಿಡಿಸಿದಳು. 2 ಮತ್ತು −5 ಬಂದಿವೆ. (−5) × (−2) ಕೂಡ 10 ತಾನೇ, −5 ಅನ್ನು ಏಕೆ ಬಿಡಬೇಕು ಎಂದು ಕೇಳುತ್ತಿದ್ದಾಳೆ.

ಪುಣೆಯಿಂದ ಇನ್ನೊಬ್ಬರು:
ತುಂಬ ಒಳ್ಳೆಯ ಪ್ರಶ್ನೆ, ಅವಳಿಗೆ ತಿಳಿಸಿ. 10ರ ಘಾತ −3 ಎಂದರೆ 0.001. ಘಾತವನ್ನು ಎಷ್ಟು ಇಳಿಸಿದರೂ ಬೆಲೆ ಸೊನ್ನೆಯ ಹತ್ತಿರ ಬರುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ, ಋಣವಂತೂ ಆಗುವುದೇ ಇಲ್ಲ. ಹಾಗಾಗಿ ವಾಸ್ತವ ಸಂಖ್ಯೆಗಳಲ್ಲಿ −5ಕ್ಕೆ ಲಾಗ್ ಇಲ್ಲ. ಮೂಲ ಸಮೀಕರಣದಲ್ಲಿ ‘ಲಾಗ್ ಎಕ್ಸ್’ ಪ್ರತ್ಯೇಕವಾಗಿತ್ತು. ಎರಡನ್ನೂ ಸೇರಿಸಿದಾಗ ಆ ನಿರ್ಬಂಧ ಕಣ್ಮರೆಯಾಯಿತು. ಎಕ್ಸ್ > 0 ಎಂದು ಮೊದಲ ಸಾಲಿನಲ್ಲೇ ಬರೆಯಲಿ.

ಸಮಯವಿದ್ದರೆ ಗ್ರಾಫ್ ಹಾಳೆಯಲ್ಲಿ 2ರ ಘಾತಗಳನ್ನೂ ಆಧಾರ 2ರ ಲಾಗ್ ಅನ್ನೂ ಒಟ್ಟಿಗೆ ಎಳೆಯಿರಿ. ಎರಡೂ ಅಕ್ಷಗಳಿಗೆ ಅಳತೆ ಒಂದೇ ಇರಲಿ. ಮೂಲಬಿಂದುವಿನಿಂದ 45 ಡಿಗ್ರಿಯಲ್ಲಿ ಏರುವ ಗೆರೆಯ ಮೇಲೆ ಹಾಳೆ ಮಡಚಿ.

ಡೊಂಬಿವಲಿಯ ತಂದೆ:
ಮಡಚಿ ಕಿಟಕಿಯ ಬೆಳಕಿಗೆ ಹಿಡಿದೆವು. (3, 8) ಚುಕ್ಕಿ ಸರಿಯಾಗಿ (8, 3)ರ ಮೇಲೆ ಕುಳಿತಿದೆ. ಅವಳು ಈಗ ಆಧಾರ 3 ಹಾಕಿ ಇನ್ನೊಂದು ಹಾಳೆ ಎಳೆಯುತ್ತಿದ್ದಾಳೆ.