ಸೀನ ನ್ಯೂಟ್ರಲ್ ಅಂತೆ, ವಿಲ್ಸನ್ನೂ ಹಂಗೇ ಅಂದಿದ್ದ

ಮೊನ್ನೆ ಭಾನುವಾರ ಸಂಜೆ ಮಳೆ ಹಿಡ್ಕೊಂಡಿದ್ದು ಬಿಡಲೇ ಇಲ್ಲ, ನಾವು ನಾಲ್ಕು ಜನ ಎರಡು ಬೈಟೂ ಕಾಫಿ ಹೇಳ್ಕೊಂಡು ಹೋಟ್ಲಲ್ಲಿ ಒಂದೂವರೆ ಗಂಟೆ ಕೂತ್ವಿ, ಹೋಟ್ಲು ಹುಡುಗ ಟೇಬಲ್ ಒರೆಸೋ ನೆಪದಲ್ಲಿ ಎರಡು ಸಲ ಬಂದು ಮೊಣಕೈ ಎತ್ತಿ ಸಾರ್ ಅಂದ, ಎತ್ತಿದ್ವಿ, ಏಳಲಿಲ್ಲ.

ವಿಷಯ ಶುರುವಾಗಿದ್ದು ನಮ್ಮ ಸೀನನಿಂದ. ಅವನ ಹಾರ್ಡ್‌ವೇರ್ ಅಂಗಡಿ ಇರೋ ಬೀದೀಲಿ ಅಕ್ಕಪಕ್ಕದ ಎರಡು ಮನೆಯವರಿಗೆ ಕಾಂಪೌಂಡ್ ವಿಚಾರಕ್ಕೆ ಮೂರು ತಿಂಗಳಿಂದ ಕಿತ್ತಾಟ, ಇರೋದು ಒಂದೂವರೆ ಅಡಿ ಜಾಗ, ಬೈಗುಳ ಮಾತ್ರ ಒಂದೂವರೆ ಎಕರೆಗೆ ಆಗೋಷ್ಟು. "ನಾನಂತೂ ನ್ಯೂಟ್ರಲ್ಲಪ್ಪ" ಅಂದ ಸೀನ.

ಮಂಜ ಬ್ಯಾಂಕಲ್ಲಿರೋದು, ಕೇಳೋ ಪ್ರಶ್ನೆ ಎಲ್ಲಾ ಲೋನ್ ಅಪ್ಲಿಕೇಶನ್ ಥರಾನೇ ಇರುತ್ತೆ. "ಆ ಗೋಡೆಗೆ ಸಿಮೆಂಟು ಯಾರ ಅಂಗಡೀದು?"

"ನಂದೇ."

"ದುಡ್ಡು ಬಂತಾ?"

"ಬರ್ಕೊಂಡಿದೀನಿ. 38 ಸಾವಿರ ಆಗಿದೆ."

"ಆ ಇನ್ನೊಂದು ಮನೆಯವರಿಗೂ ಬರ್ಕೊಂಡು ಕೊಡ್ತೀಯಾ?"

"ಕೇಳಿದ್ರೆ ಕೊಡ್ತೀನಿ, ನನಗ್ಯಾಕೆ ಭೇದ. ಆದ್ರೆ ಅವರ ಗೇಟ್ ಮುಂದೆ ಇವರು ಎರಡು ಲೋಡ್ ಮರಳು ಸುರಿಸಿಬಿಟ್ಟಿದಾರಲ್ಲ, ನಮ್ಮ ಟೆಂಪೋ ಒಳಗೆ ಹೋಗಲ್ಲ."

ಮೇಷ್ಟ್ರು ನಗೋಕೆ ಹೋಗಿ ಕಾಫಿ ನೆತ್ತಿಗೇರಿಸ್ಕೊಂಡ್ರು. ಹೈಸ್ಕೂಲಲ್ಲಿ ಹಿಸ್ಟರಿ ಮಾಡಿ ರಿಟೈರ್ ಆದವರು, ಕೆಮ್ಮು ನಿಂತ ಮೇಲೆ ಹೇಳಿದ್ರು, "ಲೇ ಸೀನ, ನೀನು ಥೇಟ್ 1915ರ ಅಮೆರಿಕ ಕಣೋ."

ಸೀನ ಖುಷಿಯಾದ. ಪಾಪ, ಅವನಿಗೆ ಮುಂದಿಂದು ಗೊತ್ತಿಲ್ಲ.

1914ರ ಆಗಸ್ಟಲ್ಲಿ ಮೊದಲನೇ ಮಹಾಯುದ್ಧ ಅಂತ ಯೂರೋಪಿನವರು ಕಚ್ಚಾಡೋಕೆ ಶುರು ಮಾಡ್ದಾಗ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ತನ್ನ ಜನಕ್ಕೆ ಹೇಳಿದ್ದು, ಬರೀ ನಡತೇಲಲ್ಲ, ಮನಸ್ಸಲ್ಲೂ ಯಾರ ಕಡೇನೂ ವಾಲಬೇಡಿ ಅಂತ. ಮಂಜ ತಡೆದ, "ಮನಸ್ಸಲ್ಲೂನಾ? ನಮ್ಮನೇಲಿ ಅತ್ತೆ ಸೊಸೆ ಶುರು ಹಚ್ಕೊಂಡ್ರೆ ಮುಖ ನ್ಯೂಟ್ರಲ್ ಆಗಿಟ್ಕೊಳ್ಳೋಕೇ ನನಗೆ ಬೆನ್ನು ನೋವು ಬರುತ್ತೆ."

ಅಮೆರಿಕದ ಅಂಗಡಿ ಎಲ್ಲರಿಗೂ ತೆಗೆದಿತ್ತು, ಅದು ನಿಜ. ಆದ್ರೆ ಸಮುದ್ರ ಬ್ರಿಟಿಷ್ ನೇವಿ ಕೈಯಲ್ಲಿತ್ತು, ಜರ್ಮನಿ ಗೇಟ್ ಮುಂದೆ ಮರಳು ಸುರಿದ ಹಾಗೇ, ಹಡಗು ಒಳಗೆ ಹೋಗಲ್ಲ. 1914ರಲ್ಲಿ ಬ್ರಿಟನ್ ಫ್ರಾನ್ಸ್ ಕಡೆಯವರಿಗೆ ಸುಮಾರು 82 ಕೋಟಿ ಡಾಲರ್ ಇದ್ದ ಅಮೆರಿಕದ ವ್ಯಾಪಾರ 1916ಕ್ಕೆ 300 ಕೋಟಿ ದಾಟಿತು, ಜರ್ಮನಿ ಕಡೆಯವರ ಜೊತೆ 17 ಕೋಟಿ ಹತ್ರ ಇದ್ದಿದ್ದು ನೆಲ ಕಚ್ಚಿ ಹೆಚ್ಚುಕಮ್ಮಿ ಸೊನ್ನೆ ಆಯ್ತು.

"ಇಬ್ಬರ ಜಗಳ ಮೂರನೆಯವನಿಗೆ ಲಾಭ, ಅದ್ರಲ್ಲಿ ತಪ್ಪೇನು" ಅಂದ ಸೀನ.

"ತಪ್ಪು ಅಂತ ಒಬ್ಬನಿಗೆ ಅನ್ನಿಸಿತ್ತು" ಅಂದ್ರು ಮೇಷ್ಟ್ರು. ವಿದೇಶಾಂಗ ಮಂತ್ರಿ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಎಂಥಾ ಮನುಷ್ಯ ಅಂದ್ರೆ ರಾಯಭಾರಿಗಳನ್ನ ಊಟಕ್ಕೆ ಕರೆದು ವೈನ್ ಬದಲು ದ್ರಾಕ್ಷಿ ಜ್ಯೂಸ್ ಕೊಡ್ತಿದ್ದವನು. ಯುದ್ಧದಲ್ಲಿರೋ ದೇಶಕ್ಕೆ ಬಂದೂಕಿಗಿಂತ ದುಡ್ಡು ಕೊಡೋದು ಕೆಟ್ಟದ್ದು, ದುಡ್ಡಿದ್ರೆ ಬಾಕಿ ಎಲ್ಲಾ ಅದೇ ತರುತ್ತೆ ಅನ್ನೋದು ಅವನ ವಾದ. ಶುರುವಲ್ಲಿ ಅವನ ಮಾತೇ ನಡೀತು. ಆಮೇಲೆ ಇದು ಸಾಲ ಅಲ್ಲ, ಬರೀ 'ಕ್ರೆಡಿಟ್' ಅಂತ ಹೆಸರು ಬದಲಾಯಿಸಿದ್ರು, 1915ರಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕು ಮುಂದೆ ನಿಂತು ಬ್ರಿಟನ್ ಫ್ರಾನ್ಸಿಗೆ 50 ಕೋಟಿ ಡಾಲರ್ ಎತ್ತಿಕೊಡ್ತು, 1917ರ ಹೊತ್ತಿಗೆ ಆ ಕಡೆಗೆ ಹೋದ ಸಾಲ ಒಟ್ಟು 230 ಕೋಟಿ ಹತ್ರ, ಜರ್ಮನಿಗೆ ಮೂರು ಕೋಟೀನೂ ಇಲ್ಲ.

"ಹಾಗಾದ್ರೆ ಸಾಲ ವಸೂಲಿಗೇ ಯುದ್ಧಕ್ಕೆ ಹೋದ್ರು ಅನ್ನಿ" ಅಂದ ಮಂಜ, ವೃತ್ತಿಧರ್ಮ.

ಮೇಷ್ಟ್ರು ಒಪ್ಪಲಿಲ್ಲ. "ಸಾಲಕ್ಕೋಸ್ಕರಾನೇ ಯಾರೂ ನೇರವಾಗಿ ದೊಣ್ಣೆ ಹಿಡಿಯಲ್ಲ ಕಣೋ. ಆದ್ರೆ ಸಾಲ ಕೊಟ್ಟ ಮೇಲೆ, ಇವನು ಸೋತ್ರೆ ನನ್ನ ಗತಿ ಏನು ಅಂತ ಒಳಗೊಳಗೇ ಹುಳ ಕೊರೆಯೋಕೆ ಶುರುವಾಗುತ್ತೆ. ಭಾರತದಲ್ಲಿ ಶಲ್ಯ ಇದಾನಲ್ಲ, ಪಾಂಡವರ ಕಡೆ ಹೊರಟವನು ದಾರೀಲಿ ದುರ್ಯೋಧನ ಹಾಕಿಸಿದ ಊಟ ಉಂಡು ಆ ಕಡೆ ಹೋಗಬೇಕಾಯ್ತು. ಶಲ್ಯ ಉಂಡು ಸಿಕ್ಕಾಕ್ಕೊಂಡ, ವಿಲ್ಸನ್ ಬಡಿಸಿ ಸಿಕ್ಕಾಕ್ಕೊಂಡ."

ಸೀನ ತನ್ನ ಲೋಟದೊಳಗೆ ನೋಡ್ಕೊಂಡ. ಅದರಲ್ಲಿ ಏನೂ ಉಳಿದಿರಲಿಲ್ಲ.

ಲುಸಿಟಾನಿಯ ವಿಷಯ ಬಂದಾಗ ಮೇಷ್ಟ್ರ ದನಿ ಸ್ವಲ್ಪ ಇಳೀತು. 1915ರ ಮೇ 1, ಹಡಗು ನ್ಯೂಯಾರ್ಕಿಂದ ಹೊರಡೋ ದಿನ, ಹಡಗು ಕಂಪನಿ ಜಾಹೀರಾತಿನ ಪಕ್ಕದಲ್ಲೇ ಜರ್ಮನ್ ರಾಯಭಾರ ಕಚೇರಿದೂ ಒಂದು ಪ್ರಕಟಣೆ, ಬ್ರಿಟಿಷ್ ಹಡಗು ಹತ್ತಿದ್ರೆ ನಿಮ್ಮ ಜವಾಬ್ದಾರಿ ನಿಮ್ಮದೇ ಅಂತ. ಆದ್ರೂ ಹತ್ತಿದ್ರಾ ಅಂದೆ ನಾನು. ಮಂಜ ಹೇಳಿದ, ಟ್ರಾನ್ಸ್‌ಫಾರ್ಮರ್ ಮೇಲೆ ತಲೆಬುರುಡೆ ಬರೆದು ಅಪಾಯ ಅಂತ ಹಾಕಿರ್ತಾರೆ, ಅದರ ಬುಡದಲ್ಲೇ ಬೋಂಡಾ ಗಾಡಿ, ನಾವು ತಿನ್ನಲ್ವಾ. ಮೇ 7ಕ್ಕೆ ಐರ್ಲೆಂಡ್ ಹತ್ರ ಜರ್ಮನ್ ಸಬ್‌ಮರೀನಿಂದ ಒಂದು ಟಾರ್ಪಿಡೋ ಬಿತ್ತು, 18 ನಿಮಿಷಕ್ಕೆ ಅಷ್ಟು ದೊಡ್ಡ ಹಡಗು ಮುಳುಗಿ 1198 ಜನ ಹೋದ್ರು, ಅದ್ರಲ್ಲಿ 128 ಜನ ಅಮೆರಿಕದವರು. ಹಡಗಲ್ಲಿ ಬಂದೂಕಿನ ತೋಟಾಗಳೂ ಇದ್ದವು, ಲಕ್ಷಗಟ್ಟಲೆ. ಅಂದ್ರೆ ಮಕ್ಕಳು ಮರಿ ಕೂತಿರೋ ಬಸ್ಸಿನ ಡಿಕ್ಕೀಲಿ ಪಟಾಕಿ ಮೂಟೆ. ಬ್ರಯಾನ್ ಜೂನಲ್ಲಿ ರಾಜೀನಾಮೆ ಕೊಟ್ಟು ಎದ್ದು ಹೋದ, ದ್ರಾಕ್ಷಿ ಜ್ಯೂಸೂ ನಿಂತಿರಬೇಕು.

ನಾನು ಇಷ್ಟು ದಿನ ಅಂದ್ಕೊಂಡಿದ್ದು ಲುಸಿಟಾನಿಯ ಮುಳುಗ್ತು, ಮಾರನೇ ದಿನಾನೇ ಅಮೆರಿಕ ಯುದ್ಧಕ್ಕಿಳೀತು ಅಂತ. ಇಲ್ವಂತೆ, ಇನ್ನೂ ಎರಡು ವರ್ಷ ಹತ್ತಿರ ಹತ್ತಿರ ತಳ್ಳಿದ್ರಂತೆ, ಕಾಗದ ಬರೆಯೋದು, ಜರ್ಮನಿ ಇನ್ನು ಮಾಡಲ್ಲ ಅನ್ನೋದು, ಮತ್ತೆ ಇನ್ನೊಂದು ಹಡಗು, ಮತ್ತೆ ಕಾಗದ. 1916ರ ಮೇನಲ್ಲಿ ಜರ್ಮನಿ ಎಚ್ಚರಿಕೆ ಕೊಡದೆ ಪ್ರಯಾಣಿಕರ ಹಡಗಿಗೆ, ವ್ಯಾಪಾರದ ಹಡಗಿಗೆ ಹೊಡೆಯಲ್ಲ ಅಂತ ಮಾತೂ ಕೊಡ್ತು. ಆ ವರ್ಷದ ನವೆಂಬರ್ ಎಲೆಕ್ಷನ್ನಲ್ಲಿ 'ನಮ್ಮನ್ನ ಯುದ್ಧದಿಂದ ದೂರ ಇಟ್ಟವರು ಇವರೇ' ಅಂತ ವಿಲ್ಸನ್ ಕಡೆಯವರು ಡಂಗುರ ಹೊಡ್ಕೊಂಡು ಗೆದ್ರು. ಗೆದ್ದು ಐದು ತಿಂಗಳಿಗೆ ಯುದ್ಧ.

"ಪ್ರಣಾಳಿಕೆ ಅಂದ್ರೆ ಎಲ್ಲಾ ಕಡೇನೂ ಪ್ರಣಾಳಿಕೇನೇ" ಅಂದ ಮಂಜ.

ಈಗ ಜರ್ಮನಿಯವರ ಬುದ್ಧಿ ಕೇಳಿ ಅಂತ ಮೇಷ್ಟ್ರು ಚಕ್ಕಂಬಕ್ಕಲ ಹಾಕ್ಕೊಂಡು ಕೂತ್ರು, ಅಂದ್ರೆ ಹೊಸ ಕಾಫಿ ಹೇಳಬೇಕು ಅಂತ ಅರ್ಥ, ಹೇಳಿದ್ವಿ.

ಅಲ್ಲಿ ಹೋಲ್ಟ್‌ಜೆಂಡಾರ್ಫ್ ಅಂತ ಒಬ್ಬ ಅಡ್ಮಿರಲ್ ಲೆಕ್ಕ ಹಾಕಿದ, ತಿಂಗಳಿಗೆ ಆರು ಲಕ್ಷ ಟನ್ ಹಡಗು ಮುಳುಗಿಸಿದ್ರೆ ಐದು ತಿಂಗಳಿಗೆ ಬ್ರಿಟನ್ ಹೊಟ್ಟೆಗಿಲ್ಲದೆ ಮಂಡಿಯೂರುತ್ತೆ, ಅಮೆರಿಕದವನು ಚಡ್ಡಿ ಏರಿಸ್ಕೊಂಡು ಬರೋಷ್ಟರಲ್ಲಿ ಆಟ ಮುಗಿದಿರುತ್ತೆ. ಇನ್ನೊಬ್ಬ ಅಡ್ಮಿರಲ್ ಕಾಪೆಲ್ ಅಂತ, ಮಿಲಿಟರಿ ಲೆಕ್ಕದಲ್ಲಿ ಅಮೆರಿಕ ಅಂದ್ರೆ ಸೊನ್ನೆ, ಇನ್ನೊಂದ್ಸಲ ಸೊನ್ನೆ, ಮೂರನೇ ಸಲಾನೂ ಸೊನ್ನೆ ಅಂದ. 1917ರ ಫೆಬ್ರವರಿ 1ರಿಂದ ಕೊಟ್ಟ ಮಾತೆಲ್ಲಾ ಮುರಿದು ಸಿಕ್ಕಸಿಕ್ಕ ಹಡಗಿಗೆ ಹೊಡೆಯೋಕೆ ಶುರು. ಅವನು ಮೂರು ಸೊನ್ನೆ ಅಂದಿದ್ದ, 1918 ಮುಗಿಯೋ ಹೊತ್ತಿಗೆ ಫ್ರಾನ್ಸಲ್ಲಿ ಇಳಿದಿದ್ದ ಅಮೆರಿಕನ್ ಸೈನಿಕರು 20 ಲಕ್ಷ, ಎರಡರ ಮುಂದೆ ಆರು ಸೊನ್ನೆ.

ಜರ್ಮನಿಯವರಿಗೆ ಗುಟ್ಟು ಇಟ್ಕೊಳ್ಳೋಕೂ ಬರ್ತಿರಲಿಲ್ಲ. 1915ರ ಜುಲೈನಲ್ಲಿ ಅವರ ವಾಣಿಜ್ಯ ಅಧಿಕಾರಿ ಹೈನ್ರಿಖ್ ಆಲ್ಬರ್ಟ್ ನ್ಯೂಯಾರ್ಕ್ ಟ್ರೇನಲ್ಲಿ ಕೂತಲ್ಲೇ ತೂಕಡಿಸಿ, ಸ್ಟಾಪ್ ಬಂತು ಅಂತ ದಡಬಡಿಸಿ ಎದ್ದು ಬ್ರೀಫ್‌ಕೇಸ್ ಸೀಟಲ್ಲೇ ಬಿಟ್ಟು ಇಳಿದ, ಹಿಂದೇನೇ ಇದ್ದ ಅಮೆರಿಕದ ಸೀಕ್ರೆಟ್ ಸರ್ವೀಸಿನವನು ಅದನ್ನ ಎತ್ಕೊಂಡು ಓಟ. ಒಳಗೆ ಯಾವ ಪೇಪರಿನವರಿಗೆ ದುಡ್ಡು ಕೊಟ್ಟು ಬರೆಸಿದ್ದು, ಎಲ್ಲಿ ಸುಳ್ಳು ಕಂಪನಿ ತೆಗೆದು ಮದ್ದುಗುಂಡಿನ ಕಚ್ಚಾ ಮಾಲನ್ನೆಲ್ಲಾ ತಾವೇ ಖರೀದಿ ಮಾಡಿ ಬ್ರಿಟನ್ನಿಗೆ ಸಿಗದ ಹಾಗೆ ಮಾಡ್ತಿದ್ದಿದ್ದು, ಎಲ್ಲಾ ಇತ್ತು. ಮುಂದಿನ ತಿಂಗಳು ಪೇಪರಲ್ಲಿ ಬಂತು. ನಮ್ಮವರು ಮೆಜೆಸ್ಟಿಕ್ ಬಸ್ಸಲ್ಲಿ ಟಿಫನ್ ಬಾಕ್ಸ್ ಬಿಟ್ಟು ಬಂದ್ರೂ ಡಿಪೋಗೆ ಹೋಗಿ ಕೇಳ್ತಾರೆ.

ಆದ್ರೆ ಎಲ್ಲಕ್ಕೂ ಕಳಶ ಇಟ್ಟವನು ಜರ್ಮನಿಯ ವಿದೇಶಾಂಗ ಮಂತ್ರಿ ಜಿಮ್ಮರ್‌ಮನ್. ಬ್ರಿಟಿಷರು ಯುದ್ಧ ಶುರುವಾದ ತಕ್ಷಣ ಸಮುದ್ರದಡಿಯ ಜರ್ಮನ್ ಕೇಬಲ್ ಕತ್ತರಿಸಿ ಹಾಕಿದ್ರಲ್ಲ, ಜರ್ಮನಿಗೆ ಟೆಲಿಗ್ರಾಂ ಕಳಿಸೋಕೆ ದಾರಿ ಇಲ್ಲ. ವಿಲ್ಸನ್ ಸಂಧಾನ ಮಾಡಿಸೋ ಆಸೇಲಿ, ಪಾಪ ಮಾತಾಡ್ಕೊಳ್ಳಲಿ ಅಂತ ಅಮೆರಿಕದ ಸ್ವಂತ ಸರ್ಕಾರಿ ಕೇಬಲ್ಲನ್ನೇ ಬಳಸೋಕೆ ಬಿಟ್ಟ. 1917ರ ಜನವರಿ 16ಕ್ಕೆ ಜಿಮ್ಮರ್‌ಮನ್ ಅದೇ ಲೈನಲ್ಲಿ ಸಂಕೇತ ಭಾಷೇಲಿ ಕಳಿಸಿದ ಸಂದೇಶ ಏನು? ಮೆಕ್ಸಿಕೋಗೆ, ಅಮೆರಿಕ ಯುದ್ಧಕ್ಕೆ ಬಂದ್ರೆ ನೀನು ನಮ್ಮ ಕಡೆ ಸೇರ್ಕೋ, ದುಡ್ಡು ಕೊಡ್ತೀವಿ, ಟೆಕ್ಸಾಸ್, ನ್ಯೂಮೆಕ್ಸಿಕೋ, ಅರಿಜೋನಾ ನಿನಗೆ!

"ಅಂದ್ರೆ ನನ್ನ ಫೋನೇ ಇಸ್ಕೊಂಡು" ಸೀನ ನಿಧಾನಕ್ಕೆ ಲೆಕ್ಕ ಹಾಕಿದ, "ನನಗೆ ಹೊಡೆಯೋಕೆ ಜನ ಕರೆಸೋದಾ?"

"ರೀಚಾರ್ಜೂ ನಿಂದೇ" ಅಂದ ಮಂಜ.

ಅಮೆರಿಕದ ಕೇಬಲ್ ಹಾದು ಹೋಗ್ತಿದ್ದಿದ್ದು ಲಂಡನ್ ಮೇಲೆ, ಬ್ರಿಟಿಷರು ಅದನ್ನೂ ಕದ್ದು ಕೇಳ್ತಿದ್ರು, ನೇವಿಯ ರೂಂ 40 ಅನ್ನೋ ಗುಪ್ತ ವಿಭಾಗದವರು ಸಂಕೇತ ಬಿಡಿಸಿಬಿಟ್ರು. ಈಗ ಅವರಿಗೆ ಪೀಕಲಾಟ, ಅಮೆರಿಕಕ್ಕೆ ಹೇಳಬೇಕು, ಆದ್ರೆ ನಿಮ್ಮನೆ ಕಿಟಕಿ ಹತ್ರ ಕಿವಿ ಇಟ್ಕೊಂಡು ನಿಂತಿದ್ದಾಗ ಕೇಳಿಸ್ತು ಅಂತ ಹೇಳೋ ಹಾಗಿಲ್ಲ. ವಾಷಿಂಗ್ಟನ್ನಿನ ಜರ್ಮನ್ ರಾಯಭಾರ ಕಚೇರಿಯಿಂದ ಮೆಕ್ಸಿಕೋಗೆ ಅದು ಮಾಮೂಲಿ ತಂತಿಯಾಗಿ ಹೋಗಿತ್ತು, ಮೆಕ್ಸಿಕೋದ ತಂತಿ ಕಚೇರಿಯಿಂದ ಒಂದು ಕಾಪಿ ಹೊಡೆಸಿ, ಅಲ್ಲಿ ಸಿಕ್ತು ನೋಡಿ ಅಂತ ಕೊಟ್ರು. ಮಾರ್ಚ್ 1ಕ್ಕೆ ಪೇಪರುಗಳಲ್ಲಿ ಬಂತು. ಎಷ್ಟೋ ಜನ ಇದು ಬ್ರಿಟಿಷರ ನಾಟಕ, ಸುಳ್ಳು ಕಾಗದ ಅಂದ್ರು, ಜರ್ಮನಿ ಸುಮ್ನೆ ಹೌದು ಸುಳ್ಳು ಅಂದಿದ್ರೆ ಇನ್ನೊಂದು ವರ್ಷ ಎಳೀಬಹುದಿತ್ತೇನೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತೀವಲ್ಲ, ಈ ಮಹಾನುಭಾವ ಮಾರ್ಚ್ 3ಕ್ಕೆ ಕುಂಬಳಕಾಯಿ ಹೆಗಲ ಮೇಲೇ ಇಟ್ಕೊಂಡು ಬಂದು, ಅಲ್ಲ ಅನ್ನೋಕಾಗಲ್ಲ, ನಿಜಾನೇ ಅಂದ. ಮಂಜ ಟೇಬಲ್ ಗುದ್ದಿ ನಕ್ಕಿದ್ದಕ್ಕೆ ಹೋಟ್ಲು ಹುಡುಗ ಮತ್ತೆ ಬಟ್ಟೆ ಹಿಡ್ಕೊಂಡು ಬಂದ.

ಮೆಕ್ಸಿಕೋ ಬೇಡಪ್ಪ ಅಂತು. ಯುದ್ಧ ಬೇಕು ಅಂತ ಅಮೆರಿಕದ ಸೆನೆಟಲ್ಲಿ 82ಕ್ಕೆ 6 ವೋಟು, ಕೆಳಮನೇಲಿ 373ಕ್ಕೆ 50, ಏಪ್ರಿಲ್ 6ಕ್ಕೆ ಯುದ್ಧ ಘೋಷಣೆ. ಬೇಡ ಅಂದವರಲ್ಲಿ ಅಲ್ಲಿನ ಸಂಸತ್ತಿನ ಮೊದಲ ಹೆಂಗಸು ಜೆನೆಟ್ ರ್ಯಾಂಕಿನ್ ಕೂಡ, 1941ರಲ್ಲಿ ಜಪಾನ್ ಮೇಲೆ ಯುದ್ಧ ಅಂದಾಗ್ಲೂ ಬೇಡ ಅಂದಿದ್ದು ಅವರೊಬ್ಬರೇ, ಗಟ್ಟಿಗಿತ್ತಿ. ಮೊನ್ನೆವರೆಗೂ ನ್ಯೂಟ್ರಲ್ ಆಗಿದ್ದ ಜನ ಆಮೇಲೆ ಹೇಗಾದ್ರು ಅಂದ್ರೆ, ಹುಳಿ ಬರಿಸಿದ ಎಲೆಕೋಸಿನ ಜರ್ಮನ್ ಹೆಸರೂ ಬೇಡ ಅಂತ 'ಲಿಬರ್ಟಿ ಎಲೆಕೋಸು' ಅಂತ ಕರೆದ್ರು.

"ಅವರಿಗಾದ್ರೂ ಎರಡೂವರೆ ವರ್ಷ ಯೋಚನೆ ಮಾಡೋಕೆ ಟೈಮಿತ್ತು" ಅಂದೆ ನಾನು, "ನಮ್ಮನ್ನ ಯಾರು ಕೇಳಿದ್ರು?" ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆಯಲ್ಲ, ಅದರ ಮುಂದೆ ಎಷ್ಟು ಸಲ ಸಿಗ್ನಲ್ ಬಿಡಲಿ ಅಂತ ಕಾಯ್ಕೊಂಡು ಹೋಗಿದೀನೋ. ಇದೇ ಯುದ್ಧದಲ್ಲಿ ಬ್ರಿಟಿಷರ ಪರವಾಗಿ ನಮ್ಮ ಕುದುರೆ ಸವಾರರು 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ ಭರ್ಜಿ ಹಿಡ್ಕೊಂಡು, ಜರ್ಮನಿ ಕಡೆಗಿದ್ದ ತುರ್ಕಿಯವರ ಮಷಿನ್ ಗನ್ ಎದುರಿಗೆ ನುಗ್ಗಿದ್ರು, ಜೋಧಪುರದವರ ಜೊತೆ. ಮೈಸೂರಿಗೂ ತುರ್ಕಿಗೂ ಯಾವ ಕಾಂಪೌಂಡ್ ಗೋಡೆ ಜಗಳ ಇತ್ತು ಹೇಳಿ. ಮೇಷ್ಟ್ರು ತಲೆ ಆಡಿಸಿದ್ರು ಅಷ್ಟೇ, ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಮಳೆ ಶಬ್ದ ಕೇಳ್ತಿತ್ತು.

ಆಗ ಸೀನನ ಫೋನ್ ಹೊಡ್ಕೊಂಡ್ತು. ಗೋಡೆ ಕಟ್ಟಿಸ್ತಿರೋರೇ. ಮಂಜ ಸನ್ನೆ ಮಾಡಿದ, ಹಳೇ ಬಾಕಿ ಕೇಳು ಅಂತ. ಸೀನ ಹ್ಞೂ ಹ್ಞೂ ಅಂತಲೇ ಇದ್ದ, ನಮ್ಮ ಕಡೆ ಬೆನ್ನು ಮಾಡಿ ಕಂಬದ ಹತ್ರ ಹೋಗಿ ದನಿ ತಗ್ಗಿಸಿದ, ಆದ್ರೂ ಕೇಳಿಸ್ತು.

"ಹತ್ತು ಮೂಟೆ ತಾನೇ, ಕಳಿಸ್ತೀನಿ ಬಿಡಿ... ಬೆಳಿಗ್ಗೆ ಐದಕ್ಕೆ ಇಳಿಸ್ಕೊಳ್ಳಿ, ಪಕ್ಕದ ಮನೆಯವರು ಏಳೋದು ಆರಕ್ಕೆ... ಆಮೇಲೆ ನಮ್ಮ ಟೆಂಪೋ ಬೇಡ, ಬೋರ್ಡ್ ಇದೆ ಅದರ ಮೇಲೆ, ಬೇರೆ ಗಾಡೀಲಿ ಹಾಕಿಸ್ತೀನಿ."