ಹಳೆಯ ಹೆಸರು ಕೂಗಿದ್ದಕ್ಕೆ ಮಾತ್ರೆ ತರದೆ ಬಂದೆ: ಅನುಭವವಿರುವವರು ತಿಳಿಸಿ

ಪ್ರಶ್ನೆ
ನಾನು ಕೊಪ್ಪಳ ಕಡೆಯ ಟ್ರಾನ್ಸ್‌ಜೆಂಡರ್ ಮಹಿಳೆ, ವಯಸ್ಸು 24. ಈಗ ಬೆಂಗಳೂರಿನಲ್ಲಿ ನಮ್ಮ ಸಮುದಾಯದ ಹಿರಿಯರಾದ ಗುರುವಿನ ಮನೆಯಲ್ಲಿದ್ದೇನೆ. ನನಗೆ ಎಚ್‌ಐವಿ ಇರುವುದು ಕಳೆದ ತಿಂಗಳು ತಿಳಿಯಿತು. ಮಾತ್ರೆಯ ಎರಡನೆಯ ಬಾಟಲಿ ತರಲು ಎ.ಆರ್.ಟಿ. (ಎಚ್‌ಐವಿ ಚಿಕಿತ್ಸೆಯ) ಕೇಂದ್ರಕ್ಕೆ ಹೋದಾಗ ಆಧಾರ್‌ನಲ್ಲಿರುವ ಗಂಡು ಹೆಸರನ್ನು ಎಲ್ಲರೆದುರು ಮೂರು ಸಲ ಕೂಗಿದರು. ನಾನು ಏಳಲಿಲ್ಲ, ಹಾಗೆಯೇ ವಾಪಸು ಬಂದೆ. ನಾಲ್ಕು ಮಾತ್ರೆ ಉಳಿದಿವೆ. ಗೆಳತಿಯರ ಮಾತು ಕೇಳಿ ಗರ್ಭನಿರೋಧಕ ಗುಳಿಗೆಗಳನ್ನು ಹಾರ್ಮೋನ್ ಎಂದು ನುಂಗುತ್ತಿದ್ದೇನೆ, ವೈದ್ಯರಿಗೆ ತಿಳಿಸಿಲ್ಲ. ಎಚ್‌ಐವಿ ಮಾತ್ರೆ ತಿಂದರೆ ಹಾರ್ಮೋನ್ ಹತ್ತುವುದಿಲ್ಲವಂತೆ, ನಿಜವೇ? ಗುರುವಿಗೂ ವಿಷಯ ಗೊತ್ತಿಲ್ಲ.

2015ರಿಂದ ಚಿಕಿತ್ಸೆಯಲ್ಲಿರುವ ಒಬ್ಬರು
ತಂಗಿ, ನಾಲ್ಕು ಮಾತ್ರೆ ಇರುವಾಗಲೇ ಕೇಳಿದಿರಿ, ಒಳ್ಳೆಯದಾಯಿತು. ಹೆಸರಿನ ಜಗಳವನ್ನು ಆಮೇಲೆ ಆಡಬಹುದು, ನಾಳೆಯೇ ಹೋಗಿ ಬಾಟಲಿ ತನ್ನಿ. ಇದೇ ಅವಮಾನಕ್ಕೆ ನಾನು ಐದು ತಿಂಗಳು ಆ ಕಡೆ ತಲೆ ಹಾಕದೆ, ಕೊನೆಗೆ ಕ್ಷಯ ಹಿಡಿದು ಆಸ್ಪತ್ರೆ ಸೇರಿದೆ. ಗಂಡಸರ ವಾರ್ಡೋ ಹೆಂಗಸರ ವಾರ್ಡೋ ಎಂದು ಅವರು ಮಾತಾಡಿ ಮುಗಿಸುವವರೆಗೆ ಒಂದು ರಾತ್ರಿ ಪೂರ್ತಿ ಕಾರಿಡಾರಿನ ಸ್ಟ್ರೆಚರ್ ಮೇಲೆ ಮಲಗಿದ್ದೆ. ಹೋಗಿಬರುವವರೆಲ್ಲ ಹೊದಿಕೆಯ ಮೇಲೊಮ್ಮೆ ಕಣ್ಣು ಹಾಯಿಸಿಯೇ ಮುಂದೆ ಹೋಗುತ್ತಿದ್ದರು. ಆ ರಾತ್ರಿಗೆ ಹೋಲಿಸಿದರೆ ಹಳೆಯ ಹೆಸರಿಗೆ ಒಮ್ಮೆ ಓಗೊಡುವುದು ಕಡಿಮೆ ಕಷ್ಟ. ಹಾಗೆಂದು ಅದನ್ನು ಸಹಿಸಿಕೊಂಡೇ ಇರಬೇಕು ಎನ್ನುತ್ತಿಲ್ಲ.

ಮತ್ತೆ ಹೋದಾಗ ಸಾಲಿನಲ್ಲಿ ಕೂರದೆ ನೇರವಾಗಿ ಆಪ್ತಸಮಾಲೋಚಕರ ಕೋಣೆಗೆ ಹೋಗಿ, ಹೆಸರಿನ ಬದಲು ನೋಂದಣಿ ಸಂಖ್ಯೆಯಿಂದ ಕರೆಯಿರಿ ಎಂದು ಕೇಳಿಕೊಂಡೆ. ಅವರು ಚಿಕಿತ್ಸೆಯ ವಿವರ ಬರೆಯುವ ನನ್ನ ಹಸಿರು ಪುಸ್ತಕದ ಮೂಲೆಯಲ್ಲಿ ಪೆನ್ಸಿಲಿನಿಂದ ನಾನು ಹೇಳಿದ ಹೆಸರು ಬರೆದುಕೊಂಡರು. ಆ ಪೆನ್ಸಿಲಿನ ಹೆಸರಿನಲ್ಲೇ ಮೂರು ವರ್ಷ ನಡೆಯಿತು. ನಂತರ, 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಕಚೇರಿಯಿಂದ ಸಿಕ್ಕ ಗುರುತಿನ ಚೀಟಿಯನ್ನು ತೋರಿಸಿದಾಗ ದಾಖಲೆಯಲ್ಲೂ ಬದಲಾಯಿತು. ಸಿಬ್ಬಂದಿ ಒಪ್ಪದಿದ್ದರೆ ಬೇರೆ ಕೇಂದ್ರಕ್ಕೆ ವರ್ಗಾವಣೆ ಕೇಳಿ. ಆದರೆ ಪತ್ರವಿಲ್ಲದೆ ಹೋಗಿ ಹೊಸ ರೋಗಿಯೆಂದು ಹೆಸರು ಬರೆಸಬೇಡಿ, ನೀವು ಯಾವ ಔಷಧಿ ಎಷ್ಟು ದಿನ ತಿಂದಿರಿ ಎಂಬುದೇ ಕಳೆದುಹೋಗುತ್ತದೆ. ನಿಮಗೆ ಎಚ್‌ಐವಿ ಇದೆಯೆಂಬುದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ದೂರು ಕೊಡುವ ಮೊದಲು ಸಮುದಾಯದ ಸಂಸ್ಥೆಯ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ನೋಡಿ. ಒಬ್ಬಳೇ ಹೋದಾಗ ಕೇಳಿಸದ ಮಾತು ಇಬ್ಬರು ಹೋದಾಗ ಕೇಳಿಸುತ್ತದೆ.

ಎ.ಆರ್.ಟಿ. ಕೇಂದ್ರವೊಂದರಲ್ಲಿ ಔಷಧಿ ವಿತರಿಸುತ್ತಿದ್ದವರು
ಹಾರ್ಮೋನಿನ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಮಾತ್ರೆ ಬಿಟ್ಟವರಲ್ಲಿ ಹಲವರು ಅದರ ಹೆದರಿಕೆಯಿಂದಲೇ ಬಿಟ್ಟಿದ್ದನ್ನು ಕಂಡಿದ್ದೇನೆ. ಹಿಂದೆ ಕೊಡುತ್ತಿದ್ದ ಎಫಾವಿರೆಂಜ್ ಎಂಬ ಎಚ್‌ಐವಿ ಔಷಧಿ ಕೆಲವು ಹಾರ್ಮೋನ್‌ಗಳ ಮಟ್ಟವನ್ನು ತಗ್ಗಿಸುತ್ತಿತ್ತು. ಗೆಳತಿಯರ ಮಾತಿನ ಮೂಲ ಅದೇ ಇರಬೇಕು. ಈಗ ಹೊಸದಾಗಿ ಆರಂಭಿಸುವ ಹೆಚ್ಚಿನವರಿಗೆ ದಿನಕ್ಕೊಂದರಂತೆ ಕೊಡುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆಯಿಂದ ಈಸ್ಟ್ರೊಜನ್ (ಹೆಣ್ಣು ಹಾರ್ಮೋನ್) ಕಡಿಮೆಯಾಗುವುದಿಲ್ಲ. ನಿಮ್ಮ ಬಾಟಲಿಯ ಮೇಲೆ ಈ ಹೆಸರುಗಳಿವೆಯೇ ಎಂದು ನೋಡಿಕೊಳ್ಳಿ. ಡೊಲುಟೆಗ್ರಾವಿರ್‌ಗೆ ಹೊಂದದಿರುವುದು ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್. ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಎಚ್‌ಐವಿ ಮಾತ್ರೆ ನುಂಗಬೇಕು.

ನನಗೆ ನಿಜವಾಗಿ ಆತಂಕವಿರುವುದು ನಿಮ್ಮ ಗರ್ಭನಿರೋಧಕ ಗುಳಿಗೆಯ ಬಗ್ಗೆ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಎಸ್ಟ್ರಡಯಾಲ್ ಎಂಬ ಈಸ್ಟ್ರೊಜನ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಬೇಗ ಫಲ ಕಾಣಲೆಂದು ದಿನಕ್ಕೆ ಮೂರು ನಾಲ್ಕು ನುಂಗುವವರಿಗೆ, ಜೊತೆಗೆ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಸಿರುಕಟ್ಟುವಿಕೆ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಇದಕ್ಕಿಂತ ಸುರಕ್ಷಿತವಾದ ಈಸ್ಟ್ರೊಜನ್‌ಗಳಿವೆ. ವೈದ್ಯರು ಬೈಯಬಹುದೆಂಬ ಅಳುಕು ಅರ್ಥವಾಗುತ್ತದೆ. ಗುಳಿಗೆಯ ಸ್ಟ್ರಿಪ್ಪನ್ನೇ ಮೇಜಿನ ಮೇಲಿಟ್ಟುಬಿಡಿ, ಅರ್ಧ ಮಾತು ಆಡುವುದೇ ತಪ್ಪುತ್ತದೆ.

ಒಬ್ಬ ಟ್ರಾನ್ಸ್ ಪುರುಷ (ಹುಟ್ಟಿನಲ್ಲಿ ಹೆಣ್ಣೆನಿಸಿ, ಈಗ ಗಂಡಾಗಿ ಬಾಳುವವನು)
ನಿಮ್ಮ ಕೇಂದ್ರದಲ್ಲಿ ಕನಿಷ್ಠ ಟಿ.ಜಿ. (ಟ್ರಾನ್ಸ್‌ಜೆಂಡರ್) ಎಂಬ ಕಾಲಂ ಯಾರಿಗೆಂಬುದು ಗೊತ್ತು. ನಾನು ಹೋದಾಗ ಅದು ಹೆಣ್ಣಾಗಿ ಬಾಳುವವರಿಗೆ ಮಾತ್ರ ಎಂದುಕೊಂಡು, "ನಿಮಗೇಕೆ ಪರೀಕ್ಷೆ?" ಎಂದು ವಾಪಸು ಕಳುಹಿಸಲು ನೋಡಿದರು. ಒತ್ತಾಯ ಮಾಡಿ ಪರೀಕ್ಷಿಸಿಕೊಂಡೆ. ಇದನ್ನು ಓದುತ್ತಿರುವ ಇತರ ಟ್ರಾನ್ಸ್ ಪುರುಷರಿಗೂ ಅಷ್ಟೇ ಹೇಳುವುದು.

ಬೆಳಗಾವಿ ಕಡೆಯ ಒಬ್ಬ ಜೋಗಪ್ಪ (ಯಲ್ಲಮ್ಮ ದೇವಿಯ ಸೇವೆಗೆ ಮುಡಿಪಾದವರು)
ಗುರುವಿಗೆ ಹೇಳಲೇಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸಬಾರದು. ನಾನು ಹೇಳಲು ಎರಡು ವರ್ಷ ತೆಗೆದುಕೊಂಡೆ. ಹೇಳಿದ ಮೇಲೆ ತಿಳಿದದ್ದೇನೆಂದರೆ ಅವರೂ ಅದೇ ಮಾತ್ರೆ ತಿನ್ನುತ್ತಿದ್ದರು. ಎಲ್ಲರ ಮನೆಯಲ್ಲೂ ಹೀಗಾಗುವುದಿಲ್ಲ, ಹೇಳಿಬಿಟ್ಟು ಮನೆಯಿಂದ ಹೊರಬಿದ್ದವರನ್ನೂ ಬಲ್ಲೆ. ಆದ್ದರಿಂದ ಉಳಿಯಲು ಇನ್ನೊಂದು ಜಾಗ ಗೊತ್ತಾಗುವವರೆಗೆ ಕಾಯಿರಿ.

ಅಲ್ಲಿಯವರೆಗೆ ಬಾಟಲಿಯ ಸದ್ದು ಅಡಗಿಸುವುದು ಹೇಗೆಂಬುದು ನನಗೆ ಗೊತ್ತು: ಒಳಗಿನ ಪುಟ್ಟ ತೇವಹೀರುವ ಪೊಟ್ಟಣವನ್ನು ಬಿಸಾಡದೆ, ಮೇಲೆ ಒಂದಿಷ್ಟು ಒಣ ಹತ್ತಿ ತುರುಕಿ. ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಬಾಟಲಿಯನ್ನು ಭಂಡಾರದ (ದೇವಿಯ ಅರಿಶಿನದ) ಚೀಲದ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಆ ಚೀಲಕ್ಕೆ ಬೇರೆಯವರು ಕೈ ಹಾಕುವುದಿಲ್ಲ. ಹಸಿರು ಪುಸ್ತಕವೂ ಅಲ್ಲೇ ಇರುತ್ತದೆ. ಒಂದು ವರ್ಷ ಗುಡ್ಡದಲ್ಲಿ ಹೆಚ್ಚು ದಿನ ಉಳಿದು ಮಾತ್ರೆ ತೀರಿದಾಗ, ಅದನ್ನು ತೋರಿಸಿದ್ದಕ್ಕೇ ಬೇರೆ ಊರಿನ ಕೇಂದ್ರದಲ್ಲಿ ಕೆಲವು ದಿನಗಳಿಗಾಗುವಷ್ಟು ಕೊಟ್ಟರು.