ಕಸಾಂಡ್ರಾಗೆ ಎರಡನೇ ಡೇಟಾ ಸೆಂಟರ್ ಸೇರಿಸುವಾಗ ಯಾವುದು ಮೊದಲು, ಯಾವುದು ಆಮೇಲೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಅಪಾಚೆ ಕಸಾಂಡ್ರಾ 3.11 ಡೇಟಾಬೇಸ್ ಇದೆ. ಒಂದೇ ಡೇಟಾ ಸೆಂಟರ್, ಆರು ನೋಡ್ (ಸರ್ವರ್). ಒಂದೊಂದರಲ್ಲೂ ಹೆಚ್ಚುಕಡಿಮೆ 1 ಟಿಬಿ ಡೇಟಾ. ಆರ್ಡರ್‌ಗಳೂ ಅವುಗಳ ಪಾವತಿಯ ಸ್ಥಿತಿಯೂ ಇದರಲ್ಲೇ ಇವೆ. ಹಾಗಾಗಿ ಒಂದು ಸಾಲು ಕೂಡ ಕಳೆದುಹೋಗುವ ಹಾಗಿಲ್ಲ.

ಈಗ ಸುಮಾರು 1,000 ಕಿ.ಮೀ. ದೂರದ ಇನ್ನೊಂದು ಡೇಟಾ ಸೆಂಟರ್‌ನಲ್ಲೂ ಇದೇ ಡೇಟಾ ಇರಬೇಕು ಅಂತ ತೀರ್ಮಾನವಾಗಿದೆ. ಮೊದಲನೆಯದು ಪೂರ್ತಿ ನಿಂತರೂ ಎರಡನೆಯದರಿಂದ ಕೆಲಸ ನಡೆಯಬೇಕು.

ಸದ್ಯ ಕೀಸ್ಪೇಸ್ (ಟೇಬಲ್‌ಗಳ ಗುಂಪು) ಡೇಟಾ ಸೆಂಟರ್ ಯಾವುದು ಅಂತ ನೋಡದ ಸಿಂಪಲ್ ಸ್ಟ್ರಾಟಜಿಯಲ್ಲಿದೆ, ರೆಪ್ಲಿಕೇಶನ್ ಫ್ಯಾಕ್ಟರ್ 3, ಅಂದರೆ ಒಂದೊಂದು ಸಾಲಿಗೂ 3 ಪ್ರತಿ. ಯಾವ ನೋಡ್ ಎಲ್ಲಿದೆ ಅಂತ ಹೇಳುವ ಸ್ನಿಚ್ ಕೂಡ ಸಿಂಪಲ್ ಸ್ನಿಚ್. ಅಪ್ಲಿಕೇಶನ್ ಓದುವುದು, ಬರೆಯುವುದು ಎಲ್ಲಾ ಕ್ವೋರಮ್‌ನಲ್ಲಿ, ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರತಿಗಳು ಉತ್ತರ ಕೊಡಬೇಕು. ಹೊಸ ನೋಡ್‌ಗಳನ್ನು ಸೇರಿಸಿ, ಕೀಸ್ಪೇಸನ್ನು ಯಾವ ಡೇಟಾ ಸೆಂಟರ್‌ನಲ್ಲಿ ಎಷ್ಟು ಪ್ರತಿ ಅಂತ ಹೇಳಬಹುದಾದ ನೆಟ್‌ವರ್ಕ್ ಟೊಪಾಲಜಿ ಸ್ಟ್ರಾಟಜಿಗೆ ಬದಲಾಯಿಸಿ, ಎರಡೂ ಕಡೆ 3 ಅಂತ ಕೊಟ್ಟು, ಪ್ರತಿಗಳನ್ನು ಹೋಲಿಸಿ ಸರಿಮಾಡುವ ರಿಪೇರ್ ಓಡಿಸಿದರೆ ಸಾಕು ಅನ್ನುವುದು ನನ್ನ ಅಂದಾಜು. ಈ ಕ್ರಮ ಸರಿಯೇ? ಸೇವೆ ನಿಲ್ಲಿಸದೆ ಮಾಡಬಹುದೇ?

ಉತ್ತರ 1

ಸೇವೆ ನಿಲ್ಲಿಸದೆ ಮಾಡಬಹುದು. ಆದರೆ ಕ್ವೋರಮ್ ಬಗ್ಗೆ ಮೊದಲು ಯೋಚಿಸಿ. ಎರಡೂ ಕಡೆ 3 ಅಂದರೆ ಒಟ್ಟು 6 ಪ್ರತಿ. 6ಕ್ಕೆ ಕ್ವೋರಮ್ 4. ಒಂದು ಕಡೆ ಇರುವುದೇ 3. ಅಂದರೆ ಪ್ರತಿಯೊಂದು ಓದು, ಪ್ರತಿಯೊಂದು ಬರಹವೂ ದೂರದ ಡೇಟಾ ಸೆಂಟರ್‌ನಿಂದ ಕನಿಷ್ಠ ಒಂದು ಉತ್ತರಕ್ಕೆ ಕಾಯುತ್ತದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. 1,000 ಕಿ.ಮೀ. ಹೋಗಿ ಬರಲು ಕಮ್ಮಿ ಅಂದ್ರೂ 10 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಇರುವುದಿಲ್ಲ, ಹಾಗಾಗಿ ನಿಜಕ್ಕೂ ಇನ್ನೂ ಜಾಸ್ತಿ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ಡೇಟಾ ಸೆಂಟರ್ ನಿಂತರೆ ಉಳಿಯುವುದು 3, ಬೇಕಾಗಿರುವುದು 4. ಎರಡೂ ಕಡೆ ಕೆಲಸ ನಿಲ್ಲುತ್ತದೆ. ನೀವು ಕೇಳಿದ್ದಕ್ಕೆ ಪೂರ್ತಿ ಉಲ್ಟಾ.

ಲೋಕಲ್ ಕ್ವೋರಮ್‌ಗೆ ಬದಲಾಯಿಸಿ. ಆಗ ಹತ್ತಿರದ 3ರಲ್ಲಿ 2 ಒಪ್ಪಿದರೆ ಸಾಕು.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಇಂಥದ್ದೇ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಿಮ್ಮ ಪಟ್ಟಿಯಲ್ಲಿ ಇರುವ ಹೆಜ್ಜೆಗಳೆಲ್ಲ ಬೇಕಾದವೇ. ಕ್ರಮ ಬೇರೆ ಆಗಬೇಕು, ಮತ್ತು ಕೊನೆಯದು ರಿಪೇರ್ ಅಲ್ಲ, ಇನ್ನೊಂದು ಡೇಟಾ ಸೆಂಟರ್‌ನಿಂದ ಡೇಟಾ ನಕಲು ಮಾಡಿ ತರುವ ರೀಬಿಲ್ಡ್.

ಶುರು ಮಾಡಬೇಕಾದ್ದು ಸ್ನಿಚ್‌ನಿಂದ. ಹೊಸ ನೋಡ್ ಒಂದೂ ಬರುವ ಮೊದಲೇ ಈಗಿನ ಆರು ನೋಡ್‌ಗಳನ್ನು ಗಾಸಿಪಿಂಗ್ ಪ್ರಾಪರ್ಟಿ ಫೈಲ್ ಸ್ನಿಚ್‌ಗೆ ತನ್ನಿ. ಇದರಲ್ಲಿ ಪ್ರತಿ ನೋಡ್ ತಾನು ಯಾವ ಡೇಟಾ ಸೆಂಟರ್, ಯಾವ ರ‍್ಯಾಕ್ ಅನ್ನುವುದನ್ನು ತನ್ನದೇ ರ‍್ಯಾಕ್‌ಡಿಸಿ ಪ್ರಾಪರ್ಟೀಸ್ ಫೈಲ್‌ನಿಂದ ಓದುತ್ತದೆ. ಇಲ್ಲಿ ಚಂದದ ಹೆಸರು ಇಡೋಣ ಅಂತ ಆಸೆ ಆಗುತ್ತದೆ. ದಯವಿಟ್ಟು ಬೇಡ. ಸಿಂಪಲ್ ಸ್ನಿಚ್ ಈಗಾಗಲೇ ನಿಮ್ಮ ನೋಡ್‌ಗಳಿಗೆ ‘ಡೇಟಾಸೆಂಟರ್1’, ‘ರ‍್ಯಾಕ್1’ ಅನ್ನುವ ಹೆಸರು ಕೊಟ್ಟಿದೆ. ಅದನ್ನೇ ಅಕ್ಷರ ತಪ್ಪದೆ ಬರೆಯಿರಿ. ಡೇಟಾ ಸೆಂಟರ್ ಹೆಸರು ಬದಲಾದರೆ ನೋಡ್ ಮೇಲೇಳುವುದೇ ಇಲ್ಲ, ಹಿಂದಿನ ಹೆಸರಿಗೆ ಹೊಂದುತ್ತಿಲ್ಲ ಅಂತ ಹೇಳಿ ನಿಲ್ಲುತ್ತದೆ. ರ‍್ಯಾಕ್ ಕೂಡ ಎಲ್ಲಕ್ಕೂ ಒಂದೇ ಇರಲಿ. ಈಗ ರ‍್ಯಾಕ್‌ಗಳನ್ನು ಬೇರೆ ಬೇರೆ ಮಾಡಿದರೆ ಯಾವ ಪ್ರತಿ ಎಲ್ಲಿರಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ. ಡೇಟಾ ಮಾತ್ರ ಹಳೆಯ ಜಾಗದಲ್ಲೇ ಇರುತ್ತದೆ.

ಒಂದೊಂದೇ ನೋಡ್ ರೀಸ್ಟಾರ್ಟ್ ಮಾಡಿ ಆರೂ ಮುಗಿದ ಮೇಲೆ ಕೀಸ್ಪೇಸನ್ನು ನೆಟ್‌ವರ್ಕ್ ಟೊಪಾಲಜಿ ಸ್ಟ್ರಾಟಜಿಗೆ ಬದಲಾಯಿಸಿ. ಸದ್ಯಕ್ಕೆ ‘ಡೇಟಾಸೆಂಟರ್1’ಗೆ 3 ಅಂತ ಮಾತ್ರ. ಎರಡನೆಯದರ ಹೆಸರು ಈಗಲೇ ಬೇಡ. ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ನೋಡ್‌ಟೂಲ್ ಸ್ಟೇಟಸ್ ಕಮಾಂಡ್ ತೋರಿಸುವುದನ್ನು ನಕಲು ಮಾಡಿ ಅಂಟಿಸುವುದೇ ಒಳ್ಳೆಯದು.

ಆಮೇಲೆ ಅಪ್ಲಿಕೇಶನ್. ಕ್ವೋರಮ್‌ನಿಂದ ಲೋಕಲ್ ಕ್ವೋರಮ್‌ಗೆ ಬನ್ನಿ. ಅದು ಕಸಾಂಡ್ರಾ ಜೊತೆ ಮಾತಾಡಲು ಬಳಸುವ ಡ್ರೈವರ್‌ಗೆ ನಿನ್ನ ಡೇಟಾ ಸೆಂಟರ್ ಇದು ಅಂತ ಹೆಸರು ಹಿಡಿದು ಹೇಳಿ. ಹೆಸರು ಕೊಡದಿದ್ದರೆ ಕೆಲವು ಹಳೆಯ ಡ್ರೈವರ್‌ಗಳು ಮೊದಲು ಸಿಕ್ಕ ನೋಡ್‌ನ ಡೇಟಾ ಸೆಂಟರನ್ನೇ ತಮ್ಮದು ಅಂದುಕೊಳ್ಳುತ್ತವೆ. ಇದೆಲ್ಲ ಪ್ರೊಡಕ್ಷನ್‌ನಲ್ಲಿ ನೆಲೆಯಾದ ಮೇಲೆಯೇ ಹೊಸ ನೋಡ್‌ಗಳ ಮಾತು.

ಅವಸರ ಯಾಕೆ ಬೇಡ ಅಂತ ಹೇಳುತ್ತೇನೆ, ಇದು ಮುಖ್ಯ. ಹೊಸ ನೋಡ್‌ಗಳನ್ನು ಆಟೋ ಬೂಟ್‌ಸ್ಟ್ರಾಪ್ (ಸೇರುವಾಗಲೇ ಡೇಟಾ ತಂದುಕೊಳ್ಳುವುದು) ಆಫ್ ಮಾಡಿ ಎಬ್ಬಿಸುತ್ತೀರಿ. ಅವು ಖಾಲಿ ಇರುತ್ತವೆ. ಕೀಸ್ಪೇಸ್‌ಗೆ ಎರಡನೇ ಡೇಟಾ ಸೆಂಟರ್ ಸೇರಿಸಿದ ಕ್ಷಣದಿಂದ ಕಸಾಂಡ್ರಾ ಲೆಕ್ಕದಲ್ಲಿ ಆ ಖಾಲಿ ನೋಡ್‌ಗಳೂ ಪೂರ್ತಿ ಹಕ್ಕುಳ್ಳ ಪ್ರತಿಗಳೇ. ಅಪ್ಲಿಕೇಶನ್ ಇನ್ನೂ ಕ್ವೋರಮ್‌ನಲ್ಲೇ ಇದೆ ಅಂದುಕೊಳ್ಳಿ. ಒಂದು ಹಳೆಯ ಸಾಲು ಮೂರು ಪ್ರತಿಗಳಲ್ಲಿ ಎರಡರಲ್ಲಿ ಮಾತ್ರ ಇದೆ, ಮೂರನೆಯದು ಆಗ ಡೌನ್ ಇತ್ತು. ಇದು ದಿನನಿತ್ಯದ ಮಾತು. ಈಗ ಓದುವಾಗ ಉತ್ತರ ಕೊಡುವ ನಾಲ್ವರು ಅಂದರೆ ಮೂರು ಖಾಲಿ ನೋಡ್ ಮತ್ತು ಆ ಸಾಲು ಇಲ್ಲದ ಒಂದು ಹಳೆಯ ನೋಡ್ ಆಗಬಹುದು. ನಾಲ್ಕೂ ಒಟ್ಟಾಗಿ ‘ಇಲ್ಲ’ ಅನ್ನುತ್ತವೆ. ಪಾವತಿ ಆದ ಆರ್ಡರ್ ಇಲ್ಲವೇ ಇಲ್ಲ ಅಂತ ಅಪ್ಲಿಕೇಶನ್ ನಂಬುತ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಏನೂ ಕಾಣುವುದಿಲ್ಲ. ಲೋಕಲ್ ಕ್ವೋರಮ್ ಇದ್ದು, ಡ್ರೈವರ್ ಹಳೆಯ ಡೇಟಾ ಸೆಂಟರ್‌ಗೆ ಅಂಟಿಕೊಂಡಿದ್ದರೆ ಈ ಸಂದು ಪೂರ್ತಿ ಮುಚ್ಚುತ್ತದೆ.

ಹೊಸ ನೋಡ್‌ಗಳ ಕ್ಲಸ್ಟರ್ ಹೆಸರು, ಆವೃತ್ತಿ ಎರಡೂ ಹಳೆಯದೇ ಇರಲಿ. ಈ ಸಂದರ್ಭದಲ್ಲೇ 4.0ಗೆ ಅಪ್‌ಗ್ರೇಡ್ ಕೂಡ ಮಾಡಿಬಿಡೋಣ ಅನ್ನುವವರು ಯಾರಾದರೂ ಇದ್ದರೆ ತಡೆಯಿರಿ. ಸೀಡ್ ಪಟ್ಟಿಯಲ್ಲಿ (ನೋಡ್ ಏಳುವಾಗ ಮೊದಲು ಸಂಪರ್ಕಿಸುವವರ ಪಟ್ಟಿ) ಎರಡೂ ಕಡೆಯಿಂದ ಎರಡೋ ಮೂರೋ ನೋಡ್ ಇರಬೇಕು. ಎಲ್ಲಾ ಎದ್ದು ನಿಂತ ಮೇಲೆ ಕೀಸ್ಪೇಸ್‌ಗೆ ಹೊಸ ಡೇಟಾ ಸೆಂಟರ್‌ಗೂ (ಅದರ ಹೆಸರು ‘ಡಿಸಿ2’ ಅಂದುಕೊಳ್ಳಿ) 3 ಅಂತ ಸೇರಿಸಿ. ಆಮೇಲೆ ಪ್ರತಿ ಹೊಸ ನೋಡ್‌ನಲ್ಲೂ ನೋಡ್‌ಟೂಲ್ ರೀಬಿಲ್ಡ್ ಓಡಿಸಿ, ಯಾವ ಡೇಟಾ ಸೆಂಟರ್‌ನಿಂದ ತರಬೇಕು ಅನ್ನುವುದಕ್ಕೆ ಹಳೆಯದರ ಹೆಸರು ಕೊಡಿ. ಆ ಹೆಸರು ಕೊಡದೆ ಓಡಿಸಿದರೆ ಖಾಲಿ ನೋಡ್ ಇನ್ನೊಂದು ಖಾಲಿ ನೋಡ್‌ನಿಂದ ಡೇಟಾ ಕೇಳಬಹುದು. ಕೆಲಸ ಯಶಸ್ವಿ ಅಂತಲೂ ಬರುತ್ತದೆ. ರಿಪೇರ್ ಇಲ್ಲಿ ಯಾಕೆ ಬೇಡ ಅಂದರೆ, ಅದು ಮೊದಲು ಎಲ್ಲಾ ಪ್ರತಿಗಳ ಮರ್ಕಲ್ ಟ್ರೀ (ಡೇಟಾದ ಹ್ಯಾಶ್‌ಗಳ ಮರ) ಕಟ್ಟಿ ಹೋಲಿಸುತ್ತದೆ. ಒಂದು ಕಡೆ ಪೂರ್ತಿ ಖಾಲಿ ಅಂತ ಗೊತ್ತಿರುವಾಗ ಆ ಹೋಲಿಕೆ ಸುಮ್ನೆ ದಂಡ.

ಸಿಸ್ಟಮ್ ಆತ್ ಕೀಸ್ಪೇಸ್ ಮರೆಯಬೇಡಿ. ಲಾಗಿನ್ ವಿವರ ಇರುವುದು ಅಲ್ಲೇ. ಅದರ ಡೀಫಾಲ್ಟ್ ರೆಪ್ಲಿಕೇಶನ್ ಫ್ಯಾಕ್ಟರ್ 1. ಅದನ್ನೂ ಎರಡೂ ಕಡೆಗೆ ಹರಡದಿದ್ದರೆ, ಮೊದಲ ಡೇಟಾ ಸೆಂಟರ್ ನಿಂತ ದಿನ ಎರಡನೆಯದರಲ್ಲಿ ಡೇಟಾ ಎಲ್ಲಾ ಇದ್ದೂ ಒಳಗೆ ಹೋಗಲು ಆಗುವುದಿಲ್ಲ. ಅದರ ಜೊತೆ ಇನ್ನೊಂದು. ನಿಮ್ಮ ಆವೃತ್ತಿಯಲ್ಲಿ ಡೀಫಾಲ್ಟ್ ‘ಕಸಾಂಡ್ರಾ’ ಬಳಕೆದಾರನ ಲಾಗಿನ್ ಕ್ವೋರಮ್‌ನಲ್ಲಿ ಪರಿಶೀಲನೆಯಾಗುತ್ತದೆ. ನಿಮ್ಮದೇ ಬೇರೆ ಸೂಪರ್‌ಯೂಸರ್ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಖಾಲಿ ನೋಡ್‌ಗಳ ವಿಷಯ ನಮ್ಮ ತಂಡಕ್ಕೆ ಓದಿ ಹೇಳಿದೆ. ಇನ್ನೂ ಎರಡು ಸಂದೇಹ ಉಳಿದಿವೆ. ಲೋಕಲ್ ಕ್ವೋರಮ್ ಅಂದರೆ ದೂರದ ಕಡೆಗೆ ಬರಹ ಆಮೇಲೆ ಯಾವಾಗಲೋ ಹೋಗುತ್ತದೆಯೇ? ಹಾಗಿದ್ದರೆ ಒಂದು ಸಾಲೂ ಕಳೆಯಬಾರದು ಅನ್ನುವ ಮಾತು ಏನಾಯಿತು? ಮತ್ತೆ, ರೀಬಿಲ್ಡ್‌ಗೆ ಎಷ್ಟು ಹೊತ್ತು ಬೇಕು?

ಉತ್ತರ 3

ಹೊತ್ತಿನ ಲೆಕ್ಕ ನಾನು ಹೇಳುತ್ತೇನೆ. 3.11ರಲ್ಲಿ ಡೇಟಾ ಸೆಂಟರ್‌ಗಳ ನಡುವಿನ ಸ್ಟ್ರೀಮಿಂಗ್‌ಗೆ ಡೀಫಾಲ್ಟ್ ಮಿತಿ, ಕಳಿಸುವ ಪ್ರತಿ ನೋಡ್‌ಗೆ, ಸೆಕೆಂಡಿಗೆ 200 ಮೆಗಾಬಿಟ್. ಅಂದರೆ 25 ಮೆಗಾಬೈಟ್. ಆರು ಹಳೆಯ ನೋಡ್, ಆರು ಹೊಸ ನೋಡ್, ತಲಾ 1 ಟಿಬಿ ಅಂದರೆ ಎಲ್ಲಾ ಸರಿಯಾಗಿ ನಡೆದರೂ 11 ಗಂಟೆ ದಾಟುತ್ತದೆ. ಓಡುತ್ತಿರುವಾಗಲೇ ನೋಡ್‌ಟೂಲ್‌ನಿಂದ ಮಿತಿ ಏರಿಸಬಹುದು, ಇಳಿಸಬಹುದು. ಆದರೆ ಆರು ನೋಡ್ ತಲಾ 200 ಮೆಗಾಬಿಟ್ ಕಳಿಸಿದರೆ ಒಟ್ಟು 1.2 ಗಿಗಾಬಿಟ್ ಆಗುತ್ತದೆ. ನಿಮ್ಮ ಲಿಂಕ್ ತಡೆಯುತ್ತದೆಯೇ ನೋಡಿಕೊಳ್ಳಿ. ಅದೇ ಲಿಂಕ್‌ನಲ್ಲಿ ಹೊಸ ಬರಹಗಳೂ ಹೋಗಬೇಕಲ್ವಾ. ಪ್ರಗತಿ ನೋಡ್‌ಟೂಲ್ ನೆಟ್‌ಸ್ಟ್ಯಾಟ್ಸ್‌ನಲ್ಲಿ ಕಾಣುತ್ತದೆ.

ಉತ್ತರ 2 ಬರೆದವರು

ಮೊದಲ ಸಂದೇಹ ಇಡೀ ವಿಷಯದ ತಿರುಳು. ಅದನ್ನು ಕೇಳಿದ್ದು ಒಳ್ಳೆಯದಾಯಿತು.

ಲೋಕಲ್ ಕ್ವೋರಮ್‌ನಲ್ಲೂ ಬರಹ ಆರೂ ಪ್ರತಿಗಳಿಗೆ ಆ ಕ್ಷಣದಲ್ಲೇ ಹೊರಡುತ್ತದೆ. ಕಾಯುವುದು ಮಾತ್ರ ಹತ್ತಿರದ ಎರಡಕ್ಕೆ. ದೂರದ ಕಡೆಗೆ ಮೂರು ಸಲ ಕಳಿಸುವುದಿಲ್ಲ. ಅಲ್ಲಿನ ಒಂದು ನೋಡ್‌ಗೆ ಒಂದು ಸಲ ಕಳಿಸುತ್ತದೆ, ಅದು ಉಳಿದೆರಡಕ್ಕೆ ಹಂಚುತ್ತದೆ. ಲಿಂಕ್ ಚೆನ್ನಾಗಿದ್ದರೆ ಕೆಲವೇ ಮಿಲಿಸೆಕೆಂಡ್‌ಗಳ ಅಂತರ. ಆದರೆ ಆ ಅಂತರದಲ್ಲೇ ಮೊದಲ ಡೇಟಾ ಸೆಂಟರ್ ಮತ್ತೆ ಏಳದ ಹಾಗೆ ಹೋದರೆ, ‘ಆಯಿತು’ ಅಂತ ಗ್ರಾಹಕರಿಗೆ ಹೇಳಿದ ಬರಹ ಇನ್ನೆಲ್ಲೂ ಇರುವುದಿಲ್ಲ.

ಅದು ಬೇಡವೇ ಬೇಡ ಅಂದರೆ ಈಚ್ ಕ್ವೋರಮ್ ಇದೆ. ಎರಡೂ ಕಡೆ ಇಬ್ಬಿಬ್ಬರು ಒಪ್ಪುವ ತನಕ ಬರಹ ಮುಗಿಯುವುದಿಲ್ಲ. ಆದರೆ ದೂರದ್ದು ನಿಂತರೆ ಇಲ್ಲಿ ಬರೆಯಲೂ ಆಗುವುದಿಲ್ಲ. ನೀವು ಎರಡು ಆಸೆ ಹೇಳಿದ್ದೀರಿ: ಒಂದು ಸಾಲೂ ಕಳೆಯಬಾರದು, ಒಂದು ಕಡೆ ನಿಂತರೂ ಕೆಲಸ ನಡೆಯಬೇಕು. ಎರಡೇ ಡೇಟಾ ಸೆಂಟರ್ ಇಟ್ಟುಕೊಂಡು ಎರಡನ್ನೂ ಪೂರ್ತಿಯಾಗಿ ಕೊಡುವ ಕಾನ್ಫಿಗರೇಶನ್ ಇಲ್ಲ. ಇದನ್ನು ನಿಮ್ಮ ಮೇಲಿನವರಿಗೆ ಈಗಲೇ, ಬರಹದಲ್ಲಿ ಹೇಳಿ. ಡೇಟಾಬೇಸ್ ನೋಡಿಕೊಳ್ಳುವವರು ಒಬ್ಬರೇ ಕೂತು ತೀರ್ಮಾನಿಸುವ ವಿಷಯ ಇದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕ್ವೆರಿಗೊಂದು ತೀರ್ಮಾನ ಮಾಡಿ. ಕಸಾಂಡ್ರಾದಲ್ಲಿ ಕನ್ಸಿಸ್ಟೆನ್ಸಿ ಮಟ್ಟ (ಎಷ್ಟು ಪ್ರತಿಗಳ ಉತ್ತರಕ್ಕೆ ಕಾಯಬೇಕು ಅನ್ನುವುದು) ಪ್ರತಿ ಕ್ವೆರಿಗೂ ಬೇರೆ ಇಡಬಹುದು. ಪಾವತಿ ಆಯಿತು ಅನ್ನುವ ಒಂದು ಬರಹಕ್ಕೆ ಈಚ್ ಕ್ವೋರಮ್, ಉಳಿದದ್ದಕ್ಕೆಲ್ಲ ಲೋಕಲ್. ಆದರೆ ಈಚ್ ಕ್ವೋರಮ್ ಬರಹ ಟೈಮ್‌ಔಟ್ ಆದರೆ ಅದು ಬರೆದೇ ಇಲ್ಲ ಅಂತ ಅರ್ಥವಲ್ಲ. ಹತ್ತಿರದ ಪ್ರತಿಗಳಲ್ಲಿ ಕೂತಿರಬಹುದು, ಕಸಾಂಡ್ರಾ ಅದನ್ನು ಹಿಂದೆ ತೆಗೆಯುವುದಿಲ್ಲ. ಅದೇ ಬರಹವನ್ನು ಮತ್ತೆ ಮಾಡಿದರೂ ಹಾನಿಯಾಗದಂತೆ ಕೋಡ್ ಇರಬೇಕು.

ಮೂರನೇ ಡೇಟಾ ಸೆಂಟರ್ ಸಿಗುವ ಹಾಗಿದ್ದರೆ ಲೆಕ್ಕವೇ ಬದಲಾಗುತ್ತದೆ. 2, 2, 1 ಅಂತ ಇಟ್ಟರೆ ಒಟ್ಟು 5, ಕ್ವೋರಮ್ 3. ಯಾವ ಒಂದು ಪೂರ್ತಿ ಹೋದರೂ 3 ಉಳಿಯುತ್ತವೆ. ಆಗ ಬರೀ ಕ್ವೋರಮ್‌ನಲ್ಲೇ ನಿಮ್ಮ ಎರಡೂ ಆಸೆ ಈಡೇರುತ್ತವೆ. ಪ್ರತಿ ಬರಹದ ಹೊತ್ತು ಮಾತ್ರ ಜಾಸ್ತಿ.

ಪಾವತಿಗೆ ‘ಇಫ್’ ಇರುವ, ಷರತ್ತು ಹೊಂದಿದರೆ ಮಾತ್ರ ಬರೆಯುವ ಲೈಟ್‌ವೇಟ್ ಟ್ರಾನ್ಸಾಕ್ಷನ್ ಬಳಸುತ್ತಿದ್ದೀರಾ? ಅದಕ್ಕೆ ಸೀರಿಯಲ್, ಲೋಕಲ್ ಸೀರಿಯಲ್ ಅಂತ ಬೇರೆಯೇ ಮಟ್ಟಗಳಿವೆ. ಲೋಕಲ್ ಸೀರಿಯಲ್ ಒಂದು ಡೇಟಾ ಸೆಂಟರ್ ಒಳಗಷ್ಟೇ ಖಾತ್ರಿ ಕೊಡುತ್ತದೆ. ಒಂದೇ ಆರ್ಡರ್ ಮೇಲೆ ಎರಡೂ ಕಡೆಯಿಂದ ಅದನ್ನು ಓಡಿಸಿದರೆ ಎರಡೂ ಗೆಲ್ಲಬಹುದು.

ಉತ್ತರ 1 ಬರೆದವರು

ಲಿಂಕ್ ಕಡಿದು ಹೋದಾಗ ಏನು ಅನ್ನುವುದನ್ನು ಯಾರೂ ಹೇಳಿಲ್ಲ. ಆ ಹೊತ್ತಿನ ಬರಹಗಳನ್ನು ಇಲ್ಲಿನ ನೋಡ್‌ಗಳು ಹಿಂಟ್ ಆಗಿ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಲಿಂಕ್ ಬಂದ ಮೇಲೆ ತಲುಪಿಸುತ್ತವೆ. ಆದರೆ ಡೀಫಾಲ್ಟ್ ಆಗಿ 3 ಗಂಟೆ ತನಕ ಮಾತ್ರ. ಅದು ದಾಟಿದರೆ ಹೊಸ ಹಿಂಟ್ ಇಡುವುದಿಲ್ಲ. ಲಿಂಕ್ ಬಂದ ಮೇಲೆ ಎಲ್ಲಾ ನೋಡ್ ಹಸಿರಾಗಿ ಕಾಣುತ್ತವೆ, ನಡುವಿನ ಬರಹಗಳು ಅಲ್ಲಿ ಇರುವುದಿಲ್ಲ. ಆಗ ರಿಪೇರ್ ಕಡ್ಡಾಯ.

ಉತ್ತರ 2 ಬರೆದವರು

ಹೌದು. ಅದಕ್ಕೆ ಅಳಿಸಿದ ಸಾಲುಗಳ ವಿಷಯವನ್ನೂ ಸೇರಿಸಿ. ಅಳಿಸಿದಾಗ ಕಸಾಂಡ್ರಾ ಟೂಂಬ್‌ಸ್ಟೋನ್ ಅನ್ನುವ ಗುರುತು ಬರೆಯುತ್ತದೆ. ಆ ಗುರುತು ಡೀಫಾಲ್ಟ್ ಆಗಿ 8,64,000 ಸೆಕೆಂಡ್, ಅಂದರೆ 10 ದಿನ ಇರುತ್ತದೆ. ಆಮೇಲೆ ಡಿಸ್ಕ್‌ನ ಫೈಲ್‌ಗಳನ್ನು ಒಟ್ಟುಗೂಡಿಸುವ ಕಾಂಪಾಕ್ಷನ್ ಅದನ್ನು ತೆಗೆದುಬಿಡಬಹುದು. 10 ದಿನದೊಳಗೆ ರಿಪೇರ್ ಆಗದಿದ್ದರೆ ದೂರದ ಕಡೆ ಹಳೆಯ ಸಾಲು ಉಳಿದಿರುತ್ತದೆ, ಇಲ್ಲಿ ಅಳಿಸಿದ ಗುರುತೇ ಇರುವುದಿಲ್ಲ. ಮುಂದಿನ ರಿಪೇರ್‌ನಲ್ಲಿ ಆ ಸಾಲು ಜೀವ ಪಡೆದು ಎರಡೂ ಕಡೆ ಹರಡುತ್ತದೆ. ರದ್ದಾದ ಆರ್ಡರ್ ಮತ್ತೆ ಎದ್ದು ಬರುವುದು ಹೀಗೆ. ಅಷ್ಟು ದಿನ ಬೇರೆಯಾಗಿದ್ದ ಡೇಟಾ ಸೆಂಟರನ್ನು ಹಾಗೇ ಸೇರಿಸಿಕೊಳ್ಳಬೇಡಿ. ಅಲ್ಲಿನ ಡೇಟಾ ಖಾಲಿ ಮಾಡಿ ಹೊಸದಾಗಿ ರೀಬಿಲ್ಡ್ ಮಾಡಿ.

ಎರಡೂ ಕಡೆಯ ಗಡಿಯಾರಗಳೂ ಒಂದೇ ಇರಬೇಕು. ಒಂದೇ ಕಾಲಂಗೆ ಎರಡು ಬೆಲೆ ಬಂದರೆ ಟೈಮ್‌ಸ್ಟ್ಯಾಂಪ್ ದೊಡ್ಡದಿರುವುದೇ ಗೆಲ್ಲುತ್ತದೆ. ಗಡಿಯಾರ ಹೊಂದಿಸುವ ಎನ್‌ಟಿಪಿ ಎಲ್ಲಾ ನೋಡ್‌ಗಳಲ್ಲೂ, ಬರೆಯುವ ಅಪ್ಲಿಕೇಶನ್ ಸರ್ವರ್‌ಗಳಲ್ಲೂ ಓಡುತ್ತಿದೆಯೇ ಅಂತ ನೋಡಿ.

ಕೊನೆಗೆ, ಗ್ರಾಹಕರನ್ನು ಎರಡನೇ ಕಡೆಗೆ ಬಿಡುವ ಮೊದಲು ಒಂದು ಪರೀಕ್ಷೆ ಮಾಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಎರಡು ಡೇಟಾ ಸೆಂಟರ್‌ಗಳ ನಡುವೆ, ನೋಡ್‌ಗಳು ಪರಸ್ಪರ ಮಾತಾಡುವ 7000ನೇ ಪೋರ್ಟ್ ಮುಚ್ಚಿ, ಎನ್‌ಕ್ರಿಪ್ಷನ್ ಇದ್ದರೆ 7001. ಲೋಕಲ್ ಕ್ವೋರಮ್ ಕ್ವೆರಿಗಳು ಎರಡೂ ಕಡೆ ನಿಲ್ಲದೆ ನಡೆಯಬೇಕು. ಈಚ್ ಕ್ವೋರಮ್ ಬರಹಗಳು ಬೀಳಬೇಕು, ಬಿದ್ದಾಗ ಅಪ್ಲಿಕೇಶನ್ ಏನು ಮಾಡುತ್ತದೆ ಅಂತ ನೋಡಬೇಕು. ಹೊಸ ಕಡೆಯಲ್ಲಿ ಲಾಗಿನ್ ಆಗುತ್ತದೆಯೇ ನೋಡಿ. 3 ಗಂಟೆ ಆಗುವ ಮೊದಲು ಪೋರ್ಟ್ ತೆರೆದು, ಹಿಂಟ್‌ಗಳೆಲ್ಲ ತಲುಪಿ ಅವುಗಳ ಫೈಲ್‌ಗಳು ಖಾಲಿಯಾಗುವ ತನಕ ಕಾಯಿರಿ. ಏನು ಕಂಡಿತು ಅಂತ ಇಲ್ಲೇ ಬರೆಯಿರಿ, ಲಾಗ್ ಸಾಲುಗಳ ಸಮೇತ.